ಸೀಟಿನ ಕೆಳಗಿನ ತಂತಿ

ಎಸ್ಟಿಲ್ ಟ್ಯಾಕೆಟ್‌ಗೆ ಹದಿನೈದು ತುಂಬಿದ ವರ್ಷ, ಅವನ ಅಪ್ಪ ಬರ್ಚೆಲ್ ಮನೆಯ ಮುಂದಿನ ನಾಲ್ಕು ಮೆಟ್ಟಿಲು ಹತ್ತಬೇಕಾದರೆ ನಡುವೆ ಎರಡು ಸಲ ಕೂರುತ್ತಿದ್ದ. ಇಪ್ಪತ್ತೆರಡು ವರ್ಷ ಕಲ್ಲಿದ್ದಲ ಗಣಿಯೊಳಗೆ ದುಡಿದ ಮನುಷ್ಯ. ಗಣಿ ಅವನನ್ನು ಮನೆಗೆ ಕಳಿಸಿತು, ಗಣಿಯ ಧೂಳು ಮಾತ್ರ ಎದೆಯಲ್ಲೇ ಉಳಿಯಿತು. ಲಿಕ್ ಫೋರ್ಕ್ ಕಣಿವೆಯಲ್ಲಿ ಇದೇನೂ ಹೊಸ ಸುದ್ದಿಯಲ್ಲ. ಗಂಡಸೊಬ್ಬ ಜಗಲಿಯ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಮೊಣಕಾಲ ಮೇಲೆ ಕೈಯೂರಿ ಕೂತಿದ್ದರೆ ದಾರಿಯಲ್ಲಿ ಹೋಗುವವರು ಏನಾಯ್ತು ಅಂತ ಕೇಳುವುದಿಲ್ಲ. ಕೈಯೆತ್ತಿ, ಮುಖ ತಿರುಗಿಸಿಕೊಂಡು ಮುಂದೆ ಹೋಗುತ್ತಾರೆ. ಬರ್ಚೆಲ್‌ಗೆ ಆಗ ನಲವತ್ತೆಂಟು.

ಒಂದು ಕಾಲಕ್ಕೆ ಇನ್ನೂರು ಪೌಂಡಿನ ಆಳು. ಮದುವೆಯ ದಿನ ಹೆಂಡತಿ ವರ್ಡಾಳನ್ನು ಎತ್ತಿಕೊಂಡು ತುಂಬಿದ ಹಳ್ಳ ದಾಟಿಸಿದ್ದ ಅಂತ ಈಗಲೂ ಹೇಳುವವರಿದ್ದಾರೆ. ಆ ವರ್ಷ ಅವನ ಅಂಗಿ ಗೂಟಕ್ಕೆ ನೇತುಹಾಕಿದ ಹಾಗೆ ಅವನ ಮೇಲೆ ಇಳಿಬಿದ್ದಿತ್ತು. ವರ್ಡಾ ಅವನಿಗೆ ತಿಳಿಯದ ಹಾಗೆ ಪ್ಯಾಂಟಿನ ಸೊಂಟ ಹಿಡಿಸಿ ಹೊಲಿಯುತ್ತಿದ್ದಳು. ಬಚ್ಚಲಿನಲ್ಲಿದ್ದ ತೂಕದ ಯಂತ್ರ ಕೆಟ್ಟುಹೋಯಿತು ಅಂತ ಹೇಳಿ ಎಸ್ಟಿಲ್‌ನ ಕೈಲಿ ಅದನ್ನು ಕೊಟ್ಟಿಗೆಗೆ ಹಾಕಿಸಿದ್ದಳು. ಯಂತ್ರ ಸರಿಯಾಗಿಯೇ ಇತ್ತು. ತಾಯಿ ಮಗ ಈ ಬಗ್ಗೆ ಒಂದು ಮಾತೂ ಆಡಿಕೊಂಡವರಲ್ಲ, ಆದರೂ ಇಬ್ಬರೂ ಸೇರಿ ಆ ಮನುಷ್ಯನಿಂದ ಅವನ ಮೈಯನ್ನೇ ಬಚ್ಚಿಡುತ್ತಿದ್ದರು.

ಟ್ಯಾಕೆಟ್ ಮನೆತನದ ಸಮಾಧಿಗಳಿರುವುದು ಮನೆಯ ಹಿಂದಿನ ಗುಡ್ಡದ ನೆತ್ತಿಯಲ್ಲಿ. ಮೇ ತಿಂಗಳ ಕೊನೆಯ ಭಾನುವಾರ ಒಹಾಯೊ, ಮಿಶಿಗನ್ ಅಂತ ಕೆಲಸ ಹುಡುಕಿಕೊಂಡು ಹೋದ ನೆಂಟರೆಲ್ಲ ಮರಳಿ ಬಂದು, ಸಮಾಧಿಗಳಿಗೆ ಹೂವಿಟ್ಟು, ಅಲ್ಲೇ ಮರದ ಕೆಳಗೆ ಹಲಗೆ ಹಾಸಿ ಊಟ ಮಾಡುತ್ತಾರೆ. ಅದಕ್ಕೆ ಮುಂಚೆ ಹುಲ್ಲು ಕೊಯ್ದಿರಬೇಕು. ಕೊಯ್ಯುವ ಕೆಲಸ ಒಬ್ಬನದೇ. ಸ್ಮಶಾನದ ಯಜಮಾನಿಕೆ ಅಂದರೆ ಅದೇ. ಯಾರನ್ನು ಎಲ್ಲಿ ಹೂಳಬೇಕು, ಯಾವ ಕಲ್ಲು ಯಾರದು ಅನ್ನುವುದೆಲ್ಲ ಅವನ ಮಾತಿನಂತೆ ನಡೆಯುತ್ತದೆ. ಆ ಕೆಲಸ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುವುದು ಮೊದಲನೆಯವನು ಸತ್ತಾಗ ಮಾತ್ರ. ಬರ್ಚೆಲ್ ತನ್ನ ಅಪ್ಪನನ್ನು ಮಣ್ಣು ಮಾಡಿದ ವರ್ಷದಿಂದ ಕೊಯ್ದುಕೊಂಡು ಬಂದವನು. ಹೆತ್ತವರು, ಗಣಿಯ ಮಾಡು ಕುಸಿದು ಸತ್ತ ತಮ್ಮ, ಒಂಬತ್ತು ದಿನ ಬದುಕಿದ್ದ ಹೆಣ್ಣುಮಗು, ಎಲ್ಲರೂ ಅಲ್ಲೇ ಇದ್ದರು. ಹಿಂದಿನ ವರ್ಷ ತಳ್ಳುವ ಯಂತ್ರದಲ್ಲಿ ಆ ಹುಲ್ಲು ಕೊಯ್ಯಲು ನಾಲ್ಕು ದಿನ ಹಿಡಿದಿತ್ತು. ನಾಲ್ಕನೆಯ ದಿನ ಅವನು ಗುಡ್ಡ ಇಳಿದು ಬಂದದ್ದು ಅಂಬೆಗಾಲಿಕ್ಕಿಕೊಂಡು.

ಆ ವರ್ಷ ಮಾರ್ಚಿನಲ್ಲಿ ಚರ್ಚಿನ ಬಾಗಿಲ ಬಳಿ, ಹತ್ತು ಜನರ ಎದುರಿಗೆ, ಬರ್ಚೆಲ್‌ನ ಅಣ್ಣ ಹೋಬರ್ಟ್ ಬಾಯಿ ತೆಗೆದ. ಹೋಬರ್ಟ್ ಕೆಟ್ಟವನೇನಲ್ಲ, ಆದರೆ ಅವನ ಬಾಯಿಗೆ ಬೀಗವಿಲ್ಲ.

"ಬರ್ಚೆಲ್, ಈ ಸಲ ಪೇಟೆಯಿಂದ ಒಬ್ಬ ಆಳನ್ನ ಕರೆಸ್ತೀನಿ ಕಣೋ. ನೀನು ಸುಮ್ನೆ ಕೂತ್ಕೊ. ನಿನ್ನ ಕೈಲಿ ಇನ್ನೆಲ್ಲಿ ಆಗುತ್ತೆ?"

ಬರ್ಚೆಲ್ ಉತ್ತರ ಕೊಡಲು ಉಸಿರು ಕೂಡಿಸಿಕೊಳ್ಳುವಷ್ಟರಲ್ಲಿ ಹೋಬರ್ಟ್ ಬೇರೆಯವರ ಜೊತೆ ಬೇರೆ ಮಾತಿಗೆ ಹೋಗಿಬಿಟ್ಟಿದ್ದ. ಮನೆಗೆ ಬಂದು ಜಗಲಿಯಲ್ಲಿ ಕೂತ ಮೇಲೆ ಎಸ್ಟಿಲ್ ಹೇಳಿದ:

"ನಾನು ಕೊಯ್ತೀನಿ ಬಿಡಪ್ಪ. ಒಂದೇ ದಿನದಲ್ಲಿ ಮುಗಿಸ್ತೀನಿ."

"ನೀನು ಕೊಯ್ಯೋ ಕಾಲ ಬರುತ್ತೆ." ಉಸಿರು ಎಳೆದುಕೊಂಡ. "ನಾನು ಇನ್ನೂ ಸತ್ತಿಲ್ಲವಲ್ಲೋ."

 ಅಪ್ಪನೇ ಕೊಯ್ಯಬೇಕು, ಅಪ್ಪನ ಕೈಯಲ್ಲೇ ಆಗಬೇಕು, ಈ ವರ್ಷ ಒಂದು ಸಲವಾದರೂ. ಆ ಹುಡುಗನ ತಲೆಯಲ್ಲಿ ಎರಡು ತಿಂಗಳು ಬೇರೇನೂ ಇರಲಿಲ್ಲ.

ನಡೆಯಲಾರದವನು ಕೊಯ್ಯಬೇಕಾದರೆ ಮೇಲೆ ಕೂತು ಓಡಿಸುವ ಮೋವರ್ ಗಾಡಿ ಬೇಕು. ಹೊಸದರ ಮಾತು ಆ ಮನೆಯಲ್ಲಿ ಯಾರೂ ಎತ್ತುವ ಹಾಗಿರಲಿಲ್ಲ. ಸ್ಲೋನ್ ಕುಟುಂಬ ಮೂರು ವರ್ಷದ ಹಿಂದೆ ಊರು ಬಿಟ್ಟಾಗ ಅವರ ಮನೆಯ ಹಿಂದೆ ಒಂದನ್ನು ಬಿಟ್ಟುಹೋಗಿತ್ತು. ಅದರ ಮೇಲೆ ಮುಳ್ಳುಬಳ್ಳಿ ಹಬ್ಬಿ, ಎಂಜಿನ್ನಿನ ಹೊದಿಕೆಯೊಳಗೆ ಕಣಜ ಗೂಡು ಕಟ್ಟಿತ್ತು. ಮುಂದಿನ ಚಕ್ರಗಳು ಇರಲಿಲ್ಲ. ಎಸ್ಟಿಲ್ ಕುಡುಗೋಲಿನಲ್ಲಿ ಮುಳ್ಳು ಸವರಿ, ಹಳೆಯ ಕಾರೊಂದರ ಮುಂಭಾಗದ ತಗಡನ್ನು ಮಗುಚಿ ಜಾರುಬಂಡಿ ಮಾಡಿಕೊಂಡು, ಅದರ ಮೇಲೆ ಗಾಡಿಯನ್ನು ಹೇರಿ ಹಗ್ಗ ಕಟ್ಟಿ ಮುಕ್ಕಾಲು ಮೈಲಿ ಎಳೆದು ತಂದ. ಅಂಗಳಕ್ಕೆ ಬರುವಾಗ ಅಂಗೈ ಎರಡೂ ಸುಲಿದುಹೋಗಿದ್ದವು.

ಬರ್ಚೆಲ್ ಜಗಲಿಯಿಂದ ನೋಡಿದ. ತುಂಬ ಹೊತ್ತು ನೋಡಿದ.

"ಇದನ್ನೂ ಗುಡ್ಡದ ಮೇಲೇ ಹೂಳಬೇಕಾ?" ಅಂದ.

"ಇದರಲ್ಲಿ ಕೂತು ನೀನು ಗುಡ್ಡ ಹತ್ತಬೇಕು."

"ಇದರಲ್ಲಾ!" ಬರ್ಚೆಲ್ ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಹತ್ತು ನಿಮಿಷ ನಿಲ್ಲಲಿಲ್ಲ. ವರ್ಡಾ ಒಳಗಿನಿಂದ ಬಂದು ಮಗನನ್ನು ಗದರಿಕೊಂಡಳು. ಕೆಮ್ಮು ಇಳಿದ ಮೇಲೆ ಬರ್ಚೆಲ್ ಬಾಯಿ ಒರೆಸಿಕೊಂಡು ಹೇಳಿದ ಮೊದಲ ಮಾತು: "ಪ್ಲಗ್ ಬಿಚ್ಚು. ಒಳಗೆ ಸೀಮೆಎಣ್ಣೆ ಹುಯ್ಯಿ. ತಿರುಗಿಸೋಕೆ ಹೋಗಬೇಡ, ನೆನೆಯೋಕೆ ಬಿಡು."

ಅಲ್ಲಿಂದ ಆ ಮನೆಗೆ ಹೊಸ ಜೀವ ಬಂತು. ಬರ್ಚೆಲ್ ಗಣಿಯಲ್ಲಿದ್ದಾಗ ಒಳಗಿನ ಯಂತ್ರಗಳ ರಿಪೇರಿ ಬಲ್ಲವನಾಗಿದ್ದ. ಅವನ ಕುರ್ಚಿಯನ್ನು ಕೊಟ್ಟಿಗೆಯ ಬಾಗಿಲಿಗೆ ತಂದು ಹಾಕಿದರು. ಅವನು ಕೂತಲ್ಲೇ ಬೈಯುವುದು, ಹುಡುಗ ಅಡಿಯಲ್ಲಿ ಮಲಗಿ ಬಿಚ್ಚುವುದು. ಎಂಜಿನ್ ತುಕ್ಕು ಹಿಡಿದು ಬಿಗಿದುಕೊಂಡಿತ್ತು. ಒಂಬತ್ತು ದಿನ ನೆನೆಸಿ, ಮರದ ತುಂಡು ಇಟ್ಟು ಮೆಲ್ಲಗೆ ಬಡಿದು, ಹತ್ತನೆಯ ದಿನ ಅದು ಕೂದಲೆಳೆಯಷ್ಟು ಅಲುಗಿದಾಗ ಇಬ್ಬರೂ ಉಸಿರು ಬಿಗಿಹಿಡಿದು ಒಬ್ಬರನ್ನೊಬ್ಬರು ನೋಡಿದರು. ಕೊಯ್ಯುವ ಅಲಗಿನ ಮೇಲಿನ ತಗಡು ತುಕ್ಕು ತಿಂದು ಜರಡಿಯಾಗಿತ್ತು. ಅದಕ್ಕೆ ಸತ್ತ ಫ್ರಿಜ್ಜೊಂದರ ಬಾಗಿಲು ಕತ್ತರಿಸಿ ತೇಪೆ ಹಾಕಿದರು. ಮುಂದಿನ ಚಕ್ರಗಳಲ್ಲಿ ಒಂದು ಮಣ್ಣು ಹೊರುವ ಕೈಗಾಡಿಯದು, ಇನ್ನೊಂದು ಎಲ್ಲಿಯದೋ. ಎರಡರ ಎತ್ತರ ಬೇರೆ ಬೇರೆ, ಹಾಗಾಗಿ ಗಾಡಿ ಸದಾ ಎಡಕ್ಕೆ ವಾಲಿಕೊಂಡೇ ಇರುತ್ತಿತ್ತು. ಬೆಲ್ಟು ಹೋಬರ್ಟ್‌ನ ಗುಜರಿಯಿಂದ ಬಂತು. ಅದಕ್ಕಾಗಿ ಎಸ್ಟಿಲ್ ಅವನ ಕೋಳಿಗೂಡು ಬಳಿದುಕೊಟ್ಟ.

"ಏನು ಕಟ್ತಾ ಇದೀಯೋ?" ಅಂತ ಹೋಬರ್ಟ್ ಕೇಳಿದ.

"ವಿಮಾನ" ಅಂದ ಎಸ್ಟಿಲ್.

ಪೆಟ್ರೋಲ್ ಟ್ಯಾಂಕಿನ ಒಳಗೆಲ್ಲ ತುಕ್ಕು. ಅದನ್ನು ತೆಗೆಯಲು ಹಿಡಿ ಜಲ್ಲಿಕಲ್ಲು ಹಾಕಿ ಕುಲುಕಬೇಕು. "ಅದನ್ನ ಇಲ್ಲಿ ಕೊಡು" ಅಂದ ಬರ್ಚೆಲ್. ಟ್ಯಾಂಕನ್ನು ತೊಡೆಯ ಮೇಲಿಟ್ಟುಕೊಂಡು ಹತ್ತು ಸಲ ಕುಲುಕುವುದು, ಕಣ್ಣುಮುಚ್ಚಿ ಉಸಿರು ಹುಡುಕುವುದು, ಮತ್ತೆ ಹತ್ತು ಸಲ. ಎರಡು ದಿನ ಆ ಗಲಗಲ ಸದ್ದು ಮನೆ ತುಂಬ. ವರ್ಡಾ ಅಡುಗೆಮನೆಯ ಕಿಟಕಿಯಿಂದ ನೋಡುತ್ತ, ಬೇಡ ಅನ್ನಲು ಬಾಯಿ ಬಾರದೆ ನಿಂತಿರುತ್ತಿದ್ದಳು. ಎಸ್ಟಿಲ್ ದೊಡ್ಡವನಾದ ಮೇಲೂ ತನ್ನ ಬದುಕಿನಲ್ಲಿ ಸುಖವಾಗಿ ಕಳೆದ ದಿನಗಳು ಯಾವುವು ಅಂತ ಯೋಚಿಸಿದರೆ ಆ ಏಪ್ರಿಲ್ ತಿಂಗಳೊಂದೇ ನೆನಪಿಗೆ ಬರುತ್ತಿತ್ತು. ಅದನ್ನು ನೆನೆಯಲು ಅವನಿಗೆ ಧೈರ್ಯ ಸಾಲುತ್ತಿರಲಿಲ್ಲ, ಅದು ಬೇರೆ ಮಾತು.

ಸೀಟು ಹೊಳೆಯ ದಂಡೆಯ ಕಸದ ರಾಶಿಯಲ್ಲಿ ಸಿಕ್ಕಿತು. ಹರಿದಿರಲಿಲ್ಲ. ಕೆಳಗಿನ ಸ್ಪ್ರಿಂಗೂ ಗಟ್ಟಿಮುಟ್ಟಾಗಿತ್ತು. ಆ ಸ್ಪ್ರಿಂಗಿನ ಅಡಿಗೆ ಹೆಬ್ಬೆರಳಿನಷ್ಟು ದೊಡ್ಡದೊಂದು ಸ್ವಿಚ್ಚು ಕೂರುತ್ತದೆ. ಮೇಲೆ ಆಳು ಕೂತಿದ್ದರೆ ಎಂಜಿನ್ ಓಡುತ್ತದೆ. ಎದ್ದರೂ ಬಿದ್ದರೂ ತಕ್ಷಣ ನಿಲ್ಲುತ್ತದೆ. ಲಿಕ್ ಫೋರ್ಕಿನಲ್ಲಿ ಯಾರ ಗಾಡಿಯಲ್ಲೂ ಆ ಸ್ವಿಚ್ಚು ಕೆಲಸ ಮಾಡುವುದಿಲ್ಲ. ಹೊಸ ಗಾಡಿ ಮನೆಗೆ ಬಂದ ದಿನವೇ ಅದರ ಎರಡು ತಂತಿಯನ್ನು ಒಂದಕ್ಕೊಂದು ಸೇರಿಸಿ ಕತೆ ಮುಗಿಸುತ್ತಾರೆ. ದಾರಿಗಡ್ಡ ಬಂದ ಕೊಂಬೆಯನ್ನು ಎತ್ತಿ ಬಿಸಾಡಲು ಇಳಿದಾಗಲೆಲ್ಲ ಎಂಜಿನ್ ನಿಂತರೆ ಸಹಿಸುವ ತಾಳ್ಮೆ ಆ ಊರಿನವರಿಗಿಲ್ಲ. ಎಸ್ಟಿಲ್ ಮಾತ್ರ ಸ್ವಿಚ್ಚನ್ನು ಉಜ್ಜಿ, ತಂತಿ ಹೊಸದಾಗಿ ಎಳೆದು, ಸರಿಯಾಗಿಯೇ ಕೂರಿಸಿದ. ಕಾರ್ಖಾನೆಯಲ್ಲಿ ಇದ್ದದ್ದೆಲ್ಲ ತನ್ನ ಗಾಡಿಯಲ್ಲೂ ಇರಬೇಕು ಅನ್ನುವ ಹಟ ಅವನದು.

ಮೇ ಎರಡನೆಯ ವಾರ ಎಂಜಿನ್ ಶುರು ಮಾಡುವ ಹಗ್ಗ ಎಳೆದದ್ದು ಐವತ್ತು ಸಲವೋ ಅರವತ್ತು ಸಲವೋ. ಒಂದು ಸಲ ಅದು ಕಪ್ಪು ಹೊಗೆ ಕಾರಿ, ನಡುಗಿ, ಓಡತೊಡಗಿತು. ಎಸ್ಟಿಲ್ ಮೇಲೆ ಕೂತು ಅಂಗಳದಲ್ಲಿ ಸುತ್ತು ಹೊಡೆದ. ವರ್ಡಾ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಬರ್ಚೆಲ್ ಕುರ್ಚಿಯಿಂದ ಎದ್ದು ನಿಂತ. ಯಾರ ಆಸರೆಯೂ ಇಲ್ಲದೆ ಎದ್ದು ನಿಂತ.

"ಇಳಿ ಕೆಳಗೆ" ಅಂದ. "ನನ್ನ ಗಾಡಿ ಅದು."

ಅವನನ್ನು ಹತ್ತಿಸಿ ಕೂರಿಸಿದರು. ಐದು ಮಾರು ಹೋಗುವುದರೊಳಗೆ ಒಂದು ಗುಂಡಿಗೆ ಚಕ್ರ ಇಳಿಯಿತು, ಎಂಜಿನ್ ನಿಂತಿತು. ಮತ್ತೆ ಹಗ್ಗ ಎಳೆದರು. ಬೇಲಿಯ ಬಳಿ ಮತ್ತೆ ನಿಂತಿತು. ಹೀಗೆ ಎಂಟು ಸಲ.

"ನನ್ನ ಹಾಗೇ ಇದೆ ಕಣೋ ನಿನ್ನ ಗಾಡಿ. ಇದಕ್ಕೂ ದಮ್ಮು" ಅಂದ ಬರ್ಚೆಲ್. ತಮಾಷೆಯ ಮಾತೇ. ಆದರೆ ಇಳಿಯುವಾಗ ಅವನ ಮುಖ ನೋಡುವಂತಿರಲಿಲ್ಲ.

ಎಸ್ಟಿಲ್ ಸಂಜೆಯವರೆಗೂ ಹುಡುಕಿದ. ಪ್ಲಗ್, ಕಾರ್ಬ್ಯುರೇಟರ್, ತಂತಿ, ಎಲ್ಲ ಸರಿಯಾಗಿತ್ತು. ತಾನು ಕೂತರೆ ಗುಂಡಿಯ ಮೇಲೆ ಹೋದರೂ, ಕಲ್ಲಿನ ಮೇಲೆ ಹೋದರೂ ಎಂಜಿನ್ ಗುರುಗುಡುತ್ತಲೇ ಇತ್ತು. ಅಪ್ಪ ಕೂತಾಗ ಮಾತ್ರ ನಿಲ್ಲುತ್ತಿತ್ತು. ಸೀಟನ್ನು ಅಂಗೈಯಿಂದ ಒತ್ತಿ ನೋಡುತ್ತಿದ್ದಾಗ ಅವನಿಗೆ ಹೊಳೆಯಿತು. ಬೆಳೆದ ಆಳಿನ ಭಾರಕ್ಕೆ ಮಾಡಿದ ಸ್ಪ್ರಿಂಗು ಅದು. ಅವನ ಅಪ್ಪ ಕೂತರೆ ಅದು ಅರೆಬರೆ ಕೆಳಗಿಳಿಯುತ್ತಿತ್ತು. ಉಸಿರಿಗಾಗಿ ಅವನು ಮುಂದಕ್ಕೆ ಬಾಗಿದ ಕೂಡಲೆ, ಚಕ್ರ ಕುಪ್ಪಳಿಸಿದ ಕೂಡಲೆ, ಮೇಲೆದ್ದುಬಿಡುತ್ತಿತ್ತು. ಗಾಡಿಯ ಲೆಕ್ಕದಲ್ಲಿ ಸೀಟಿನ ಮೇಲೆ ಯಾರೂ ಇರಲಿಲ್ಲ.

ಹುಡುಗ ಕೊಟ್ಟಿಗೆಯ ನೆಲದಲ್ಲಿ ಕೂತು ಅತ್ತ. ಅತ್ತು ಮುಗಿದ ಮೇಲೆ ಬೇರೆ ಸ್ಪ್ರಿಂಗು ಹುಡುಕಿದ, ಸಿಗಲಿಲ್ಲ. ಇದ್ದದ್ದನ್ನೇ ಕತ್ತರಿಸಿ ಗಿಡ್ಡ ಮಾಡೋಣ ಅಂದರೆ ಸೀಟು ಅಲ್ಲಾಡುತ್ತದೆ. ಕೊನೆಗೆ ಊರವರೆಲ್ಲ ಮಾಡುವುದನ್ನೇ ಮಾಡಿದ. ಬೆರಳುದ್ದದ ತಂತಿಯ ತುಂಡು ತೆಗೆದುಕೊಂಡು ಸ್ವಿಚ್ಚಿನ ಎರಡು ತುದಿಯನ್ನೂ ಸೇರಿಸಿ ಬಿಗಿದ. ಎರಡು ನಿಮಿಷದ ಕೆಲಸ.

"ಕಾರ್ಬ್ಯುರೇಟರಿನಲ್ಲಿ ಕಸ ಇತ್ತಪ್ಪ" ಅಂದ ಮಾರನೆಯ ದಿನ. "ತೆಗೆದಿದೀನಿ, ಕೂತು ನೋಡು."

ಬರ್ಚೆಲ್ ಕೂತ. ಅಂಗಳ ಸುತ್ತಿ, ಹೋಬರ್ಟ್‌ನ ಮನೆಯ ಮುಂದೆ ಬೇಕೆಂದೇ ಎರಡು ಸಲ ಹೋಗಿ ಬಂದ. ಎಂಜಿನ್ ಒಮ್ಮೆಯೂ ನಿಲ್ಲಲಿಲ್ಲ. ಹೋಬರ್ಟ್ ಬಾಗಿಲಿಗೆ ಬಂದು ತಲೆ ಕೆರೆದುಕೊಂಡು ನಿಂತಿದ್ದನಂತೆ. ಆ ರಾತ್ರಿ ಬರ್ಚೆಲ್ ಎರಡು ತಟ್ಟೆ ಹುರುಳಿಕಾಯಿ, ಜೋಳದ ರೊಟ್ಟಿ ತಿಂದ.

ಹೂವಿಡುವ ಭಾನುವಾರಕ್ಕೆ ಒಂದು ದಿನ ಮುಂಚೆ, ಶನಿವಾರ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಹೊರಟರು. ಹಳೆಯ ಸೌದೆ ಬಂಡಿಯ ದಾರಿಯಲ್ಲಿ ಬರ್ಚೆಲ್ ಗಾಡಿಯ ಮೇಲೆ, ಎಸ್ಟಿಲ್ ಹಿಂದಿನಿಂದ ನಡೆದುಕೊಂಡು. ನೆತ್ತಿಗೆ ಬಂದು ತಂತಿಬೇಲಿಯ ಬಾಗಿಲು ತೆಗೆದಾಗ ಬರ್ಚೆಲ್ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಅವನು ಅಲ್ಲಿಗೆ ಬಂದು ಒಂದು ವರ್ಷವಾಗಿತ್ತು. ಆಮೇಲೆ ಅಲಗು ಇಳಿಸಿ ಮೊದಲ ಸಾಲು ಕೊಯ್ದ. ನೆಟ್ಟಗೆ ಕೊಯ್ದ. ತಿರುವಿನಲ್ಲಿ ಮಗುವಿನ ಕಲ್ಲಿಗೆ ನಾಲ್ಕು ಬೆರಳು ಬಿಟ್ಟು ಬಳಸಿಕೊಂಡು ಬಂದ.

"ನೀನು ಹೋಗು" ಅಂದ ಮಗನಿಗೆ.

"ಇರ್ತೀನಪ್ಪ."

"ಕಾವಲಿಗೆ ಯಾಕೋ? ನಾನೇನು ಓಡಿಹೋಗ್ತೀನಾ? ಹೋಗಿ ನಿಮ್ಮಮ್ಮಂಗೆ ಕೈಯಾಸರೆ ಆಗು. ಇವರ ಜೊತೆ ನಂದೂ ಒಂದೆರಡು ಮಾತಿದೆ."

ಎಸ್ಟಿಲ್ ಇಳಿದು ಬಂದ. ವರ್ಡಾ ಜಗಲಿಯಲ್ಲಿ ಕಾಗದದ ಹೂವುಗಳನ್ನು ಮೇಣದಲ್ಲಿ ಅದ್ದಿ ಆರಲು ಇಡುತ್ತಿದ್ದಳು. ಅವನು ಪಕ್ಕದಲ್ಲಿ ಕೂತು ಹೂವಿನ ಕಡ್ಡಿಗಳಿಗೆ ಹಸಿರು ಕಾಗದ ಸುತ್ತಿದ. ಮೇಲಿನಿಂದ ಎಂಜಿನ್ನಿನ ಸದ್ದು ಹತ್ತಿರ ಬರುತ್ತಿತ್ತು, ದೂರ ಹೋಗುತ್ತಿತ್ತು. ತನ್ನ ಕೈಯಿಂದ ಹುಟ್ಟಿದ ಸದ್ದು. ಜೀವಮಾನದಲ್ಲಿ ಅಷ್ಟು ಹೆಮ್ಮೆ ಅವನಿಗೆ ಮತ್ತೆಂದೂ ಆಗಲಿಲ್ಲ.

ಹನ್ನೊಂದು ಗಂಟೆಯ ಸುಮಾರಿಗೆ ವರ್ಡಾ ತಲೆಯೆತ್ತಿದಳು.

"ಒಂದೇ ಕಡೆ ನಿಂತ ಹಾಗಿಲ್ವೇನೋ?"

ಎಸ್ಟಿಲ್ ಕಿವಿಗೊಟ್ಟ. ಹೌದು, ಸದ್ದು ಅಲುಗುತ್ತಿರಲಿಲ್ಲ. ಆದರೆ ನಿಂತೂ ಇರಲಿಲ್ಲ. "ದಮ್ಮು ತಗೋತಾ ಇರ್ತಾನೆ. ಎಂಜಿನ್ ನಿಲ್ಸಿದ್ರೆ ಮತ್ತೆ ಹಗ್ಗ ಎಳೀಬೇಕಲ್ಲ, ಅದಕ್ಕೇ ಹಾಗೇ ಬಿಟ್ಟಿದಾನೆ."

"ಹೋಗಿ ನೋಡಲಾ?"

"ಬೇಡಮ್ಮ. ಬೈತಾನೆ. ಎಂಜಿನ್ ಓಡ್ತಾ ಇದೆಯಲ್ಲ."

ಅವಳು ಮತ್ತೆ ಹೂವಿಗೆ ಕೈ ಹಾಕಿದಳು. ಸದ್ದು ಒಂದೇ ಕಡೆ, ಒಂದೇ ಶ್ರುತಿಯಲ್ಲಿ ನಡೆಯಿತು. ಮುಕ್ಕಾಲು ಗಂಟೆ ನಡೆಯಿತು. ಆಮೇಲೆ ಎರಡು ಸಲ ಬಿಕ್ಕಿ ನಿಂತಿತು. ಪೆಟ್ರೋಲ್ ಮುಗಿಯಿತು ಅಂದುಕೊಂಡು ಎಸ್ಟಿಲ್ ಡಬ್ಬಿ ಎತ್ತಿಕೊಂಡು, ಸಿಳ್ಳೆ ಹಾಕುತ್ತ ಗುಡ್ಡ ಹತ್ತಿದ.

ಗಾಡಿ ಬೇಲಿಯ ಕಂಬಕ್ಕೆ ಮೂತಿ ಒತ್ತಿಕೊಂಡು ನಿಂತಿತ್ತು. ಹಿಂದಿನ ಚಕ್ರಗಳು ನಿಂತಲ್ಲೇ ತಿರುಗಿ ತಿರುಗಿ ಎರಡು ಆಳದ ಗುಂಡಿ ತೋಡಿದ್ದವು. ಸೀಟು ಖಾಲಿ. ಬರ್ಚೆಲ್ ಬಿದ್ದಿದ್ದುದು ಅಲ್ಲಿಂದ ಇಪ್ಪತ್ತು ಹೆಜ್ಜೆ ದೂರ, ಬೋರಲಾಗಿ, ಬಾಗಿಲ ಕಡೆಗೆ ತಲೆಯಿಟ್ಟು. ಮೈ ಇನ್ನೂ ಬೆಚ್ಚಗಿತ್ತು. ಎಸ್ಟಿಲ್ ತಿರುಗಿಸಿ, ಎದೆಗೆ ಕಿವಿಯಿಟ್ಟು, ಕೂಗಿ, ಬಾಯಿಗೆ ಉಸಿರು ಊದಿ, ಮತ್ತೆ ಕೂಗಿ, ಕೊನೆಗೆ ಎರಡು ಕೈಯಲ್ಲೂ ಎತ್ತಿಕೊಂಡು ಗುಡ್ಡ ಇಳಿದ. ಹದಿನೈದರ ಹುಡುಗ, ಒಂದು ಸಲವೂ ಕೆಳಗಿಡದೆ ಹೊತ್ತು ತಂದ. ಅಷ್ಟು ಹಗುರವಾಗಿದ್ದ ಅವನಪ್ಪ.

ಪೇಟೆಯಿಂದ ಬಂದ ಡಾಕ್ಟರು ನೋಡಿ, "ಎದೆ ಬಡಿತ ನಿಂತಿದೆ. ತಕ್ಷಣ ಹೋಗಿರಬೇಕು, ನೋವು ಗೊತ್ತಾಗಿರಲ್ಲ" ಅಂದರು. ಎಲ್ಲ ಮನೆಯಲ್ಲೂ ಹೇಳುವ ಮಾತನ್ನೇ ಹೇಳಿದರು. ಸಂಜೆಗೆ ದೂರದ ನೆಂಟರ ಕಾರುಗಳು ಒಂದೊಂದಾಗಿ ಕಣಿವೆಗೆ ಬರತೊಡಗಿದವು. ಹಬ್ಬಕ್ಕೆ ಹೊರಟವರು ಸಾವಿನ ಮನೆಗೆ ಬಂದಿಳಿದರು. ಹೋಬರ್ಟ್ ತಮ್ಮನ ಕಾಲಬಳಿ ಕೂತು ಎಳೆಮಗುವಿನ ಹಾಗೆ ಅತ್ತ. ಆಮೇಲೆ ಎದ್ದು ಬಂದು ಎಸ್ಟಿಲ್‌ನ ಹೆಗಲು ಹಿಡಿದ.

"ಇನ್ನು ನಿನ್ನದು ಕಣಪ್ಪ ಆ ಕೆಲಸ. ಉಳಿದದ್ದು ಬೆಳಿಗ್ಗೆ ನೀನೇ ಕೊಯ್ದುಬಿಡು. ನಿಮ್ಮಪ್ಪ ಅರ್ಧಕ್ಕೆ ಬಿಟ್ಟ ಅನ್ನೋ ಮಾತು ಬರಬಾರದು."

ಭಾನುವಾರ ಬೆಳಕು ಹರಿಯುತ್ತಲೇ ಎಸ್ಟಿಲ್ ಒಬ್ಬನೇ ಹೋದ. ಗಾಡಿಯನ್ನು ಗುಂಡಿಯಿಂದ ಎಳೆದು, ಪೆಟ್ರೋಲ್ ತುಂಬಿ, ಹಗ್ಗ ಎಳೆದ. ಒಂದೇ ಎಳೆತಕ್ಕೆ ಎಂಜಿನ್ ಶುರುವಾಯಿತು. ಉಳಿದದ್ದು ಮೂರು ಸಾಲು. ಎರಡು ಮುಗಿಸಿ ಮೂರನೆಯದಕ್ಕೆ ತಿರುಗಿದಾಗ, ಎತ್ತರದ ಹುಲ್ಲಿನಲ್ಲಿ ಒಂದು ದಾರಿ ಕಾಣಿಸಿತು. ನಿನ್ನೆ ಅವನ ಕಣ್ಣಿಗೆ ಬಿದ್ದಿರಲಿಲ್ಲ. ಒಂದು ಮೈಯಷ್ಟು ಅಗಲಕ್ಕೆ ಹುಲ್ಲು ಮಲಗಿತ್ತು. ಗಾಡಿಯಿಂದ ಬಿದ್ದ ಜಾಗದಿಂದ ಶುರುವಾಗಿ, ನಡುವೆ ನಿಂತು, ಮತ್ತೆ ಮುಂದುವರಿದು, ಬಾಗಿಲ ಕಡೆಗೆ ಹೋಗಿತ್ತು. ಅಲ್ಲಲ್ಲಿ ಬೆರಳು ಊರಿದ ಕಡೆ ಹುಲ್ಲು ಬೇರುಸಮೇತ ಕಿತ್ತು ಬಂದಿತ್ತು. ಅಪ್ಪ ತಕ್ಷಣ ಹೋಗಿರಲಿಲ್ಲ. ತೆವಳಿದ್ದ. ತೆವಳುತ್ತ ಕೂಗಿದ್ದನೋ ಏನೋ, ಕೂಗಿದ್ದರೂ ಎಂಜಿನ್ನಿನ ಸದ್ದು ದಾಟಿ ಕೆಳಗೆ ಕೇಳಿಸುವಂತಿರಲಿಲ್ಲ.

ಎಂಜಿನ್ ನಿಂತಿದ್ದರೆ ಮೂರೇ ನಿಮಿಷದಲ್ಲಿ ತಾನು ಮೇಲಿರುತ್ತಿದ್ದೆ ಅಂತ ಎಸ್ಟಿಲ್‌ಗೆ ಗೊತ್ತಿತ್ತು. ಆ ಸ್ವಿಚ್ಚು ಇರುವುದೇ ಅದಕ್ಕೆ. ಅವನು ಗಾಡಿಯ ಮೇಲೆ ಎಷ್ಟು ಹೊತ್ತು ಕೂತನೋ. ಕೆಳಗಿನಿಂದ ಜನ ಹತ್ತಿ ಬರುವ ಮಾತು ಕೇಳಿಸಿತು. ಹೆಂಗಸರು, ಮಕ್ಕಳು, ಹೂವು ಹಿಡಿದುಕೊಂಡು. ಎಲ್ಲರೂ ಆ ದಾರಿಯನ್ನು ನೋಡುತ್ತಾರೆ, ಅಮ್ಮನೂ ನೋಡುತ್ತಾಳೆ. ಅವನು ಅಲಗು ಇಳಿಸಿದ. ಅಪ್ಪ ತೆವಳಿದ ಹುಲ್ಲನ್ನು ಆ ತುದಿಯಿಂದ ಈ ತುದಿಯವರೆಗೆ ಒಂದೇ ಸಲಕ್ಕೆ ಕೊಯ್ದು ಸಮ ಮಾಡಿದ.

ಬರ್ಚೆಲ್‌ನನ್ನು ಮಂಗಳವಾರ ಮಗಳ ಪಕ್ಕ ಹೂತರು. ಭಾನುವಾರವೂ ಮಂಗಳವಾರವೂ ಎಸ್ಟಿಲ್ ಕೇಳಿದ್ದು ಒಂದೇ ಮಾತು. ಕೋಳಿ, ಆಲೂಗಡ್ಡೆ, ಸೇಬಿನ ಕೇಕು ತುಂಬಿದ ತಟ್ಟೆ ಹಿಡಿದು ಬಂದವರೆಲ್ಲ ಅವನ ಬೆನ್ನು ತಟ್ಟಿದರು. "ನಿಮ್ಮಪ್ಪ ಗಂಡಸಿನ ಹಾಗೆ ಹೋದ ಕಣೋ. ಹಾಸಿಗೆ ಮೇಲಲ್ಲ, ಕೆಲಸ ಮಾಡ್ತಾ ಮಾಡ್ತಾ. ನಿನ್ನಿಂದ ಆಯ್ತು ಅದು." ಹುಡುಗ ಎಲ್ಲರಿಗೂ ತಲೆಯಾಡಿಸಿದ. ಆ ಹೊಗಳಿಕೆಗಿಂತ ಯಾರಾದರೂ ಕಪಾಳಕ್ಕೆ ಹೊಡೆದಿದ್ದರೆ ಅವನಿಗೆ ನೆಮ್ಮದಿಯಾಗುತ್ತಿತ್ತು.

ತಂತಿಯ ವಿಷಯ ಅವನು ಯಾರಿಗೂ ಹೇಳಲಿಲ್ಲ. ಹೇಳಬೇಕಾಗಿದ್ದುದು ಒಬ್ಬಳಿಗೆ. ವರ್ಡಾ ಮೊದಲ ವರ್ಷದಿಂದಲೇ ಶುರು ಮಾಡಿದಳು.

"ನಂಗೆ ಗೊತ್ತಾಗಿತ್ತು ಕಣೋ ಎಸ್ಟಿಲ್. ಒಂದೇ ಕಡೆ ನಿಂತಿದೆ ಅಂತ ನನ್ನ ಬಾಯಲ್ಲೇ ಅಂದೆ. ಅಂದವಳು ಎದ್ದು ಹೋಗಬಾರದಿತ್ತಾ? ಹೂವು ಕಟ್ತಾ ಕೂತಿದ್ದೆನಲ್ಲ, ಹಾಳು ಹೂವು!"

"ಬೇಡ ಅಂದವನು ನಾನು."

"ನೀನು ಮಗು. ನಾನು ಹೆಂಡ್ತಿ."

ಪ್ರತಿ ಮೇ ತಿಂಗಳಲ್ಲೂ ಅದೇ. ಕಾಗದದ ಹೂವು ಮಾಡುವುದನ್ನು ಅವಳು ಬಿಟ್ಟೇಬಿಟ್ಟಳು. ಅವಳ ತಪ್ಪಲ್ಲ ಅಂತ ಬಿಡಿಸಿ ಹೇಳುವ ಒಂದೇ ಒಂದು ಮಾತು ಎಸ್ಟಿಲ್‌ನ ಹತ್ತಿರವಿತ್ತು. ಅದನ್ನು ಹೇಳಿದರೆ ಅಪ್ಪ ಮುಕ್ಕಾಲು ಗಂಟೆ ತೆವಳಿದ್ದನ್ನೂ ಹೇಳಬೇಕಾಗುತ್ತದೆ ಅಂತ ತನಗೆ ತಾನೇ ನೆಪ ಹೇಳಿಕೊಂಡ. ನಿಜ ಅಂದರೆ ಅವನಿಗೆ ಹೆದರಿಕೆ. ತಾಯಿಯ ಮುಖ ತನ್ನ ಕಡೆ ಹೇಗೆ ತಿರುಗೀತು ಅನ್ನುವ ಹೆದರಿಕೆ. ಹೀಗೆ ತನ್ನ ಪಾಲಿನ ಹೊರೆಯನ್ನು ಹೆತ್ತವಳ ಹೆಗಲ ಮೇಲೆ ಇಪ್ಪತ್ತಮೂರು ವರ್ಷ ಬಿಟ್ಟ. ಇದಕ್ಕೆ ಕ್ಷಮೆ ಇದೆಯೋ ಇಲ್ಲವೋ, ಈ ಕತೆ ಹೇಳುವವನಿಗೆ ಗೊತ್ತಿಲ್ಲ.

ಹೊರಗಿನವರ ಕಣ್ಣಿಗೆ ಅವನು ಒಳ್ಳೆಯ ಬದುಕೇ ಬದುಕಿದ. ಕಣಿವೆಯ ಬಾಯಲ್ಲಿ ಶೆಡ್ಡು ಹಾಕಿಕೊಂಡು ಮೋವರ್, ಗರಗಸ, ಪಂಪು ರಿಪೇರಿ ಮಾಡಿದ. ಕೈಗುಣ ಒಳ್ಳೆಯದು, ಮಾತು ಕಡಿಮೆ. ಮದುವೆ ಒಂದು ಆಗಿ ಮುರಿಯಿತು. ಸೀಟಿನ ಸ್ವಿಚ್ಚಿನ ತಂತಿ ಸೇರಿಸಿಕೊಡು ಅಂತ ಬಂದವರನ್ನು ಬಾಗಿಲಿಂದಲೇ ಕಳಿಸುತ್ತಿದ್ದ. ಸೇರಿಸಿದ ಗಾಡಿ ರಿಪೇರಿಗೆ ಬಂದರೆ ಕೇಳದೆಯೇ ಬಿಡಿಸಿಬಿಡುತ್ತಿದ್ದ. ಜನ ಬೈದುಕೊಂಡು ಹೋಗಿ ಮನೆಯಲ್ಲಿ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ಗುಡ್ಡದ ಹುಲ್ಲನ್ನು ಪ್ರತಿ ವರ್ಷ ಅವನೇ ಕೊಯ್ದ, ತಳ್ಳುವ ಯಂತ್ರದಲ್ಲಿ, ನಡೆದುಕೊಂಡು.

ವರ್ಡಾಗೆ ಎಪ್ಪತ್ತು ಹತ್ತಿರವಾದಾಗ ನೆನಪು ಜಾರತೊಡಗಿತು. ಮೊದಲು ಒಲೆ ಆರಿಸುವುದು ಮರೆತಳು, ಆಮೇಲೆ ದಾರಿ, ಆಮೇಲೆ ವರ್ಷಗಳು. ಪೇಟೆಯ ಆರೈಕೆ ಮನೆಯಲ್ಲಿ ಸೇರಿಸಬೇಕಾಯಿತು. ಎಸ್ಟಿಲ್ ಭಾನುವಾರ ತಪ್ಪದೆ ಹೋಗುತ್ತಿದ್ದ. ಒಂದು ಮಧ್ಯಾಹ್ನ ಅವಳು ಇದ್ದಕ್ಕಿದ್ದಂತೆ ಅಳತೊಡಗಿದಳು.

"ಒಂದೇ ಕಡೆ ನಿಂತಿತ್ತು. ನಾನು ಎದ್ದು ಹೋಗಲಿಲ್ಲ."

ಉಳಿದದ್ದೆಲ್ಲ ಹೋಗಿ ಅದೊಂದು ಮಾತ್ರ ಅವಳಲ್ಲಿ ಉಳಿದುಬಿಟ್ಟಿತ್ತು. ಎಸ್ಟಿಲ್ ಕುರ್ಚಿಯನ್ನು ಹಾಸಿಗೆಯ ಹತ್ತಿರಕ್ಕೆ ಎಳೆದುಕೊಂಡ. ಅವನಿಗೆ ಆಗ ಮೂವತ್ತೆಂಟು.

"ಅಮ್ಮ, ಕೇಳು. ತಪ್ಪು ನಿಂದಲ್ಲ. ಸೀಟಿನ ಕೆಳಗೆ ಒಂದು ಸ್ವಿಚ್ಚಿತ್ತು. ಅಪ್ಪ ಬಿದ್ದ ಕೂಡಲೆ ಎಂಜಿನ್ ನಿಲ್ಲಬೇಕಿತ್ತು. ನಿಂತಿದ್ರೆ ನಾವು ಓಡ್ತಿದ್ವಿ. ಅದನ್ನ ತಂತಿ ಕಟ್ಟಿ ಕೆಡಿಸಿದ್ದು ನಾನು. ನಾನಮ್ಮ."

ವರ್ಡಾ ಅಳು ನಿಲ್ಲಿಸಿ ಅವನನ್ನೇ ನೋಡಿದಳು. ಆ ನೋಟ ತಿಳಿಯಾಗಿತ್ತು. ಅವನು ಇಷ್ಟು ವರ್ಷ ಹೆದರಿಕೊಂಡಿದ್ದ ನೋಟ ಅದೇ.

"ಯಾಕೋ ಕಟ್ಟಿದೆ?"

"ಅಪ್ಪ ಕೂತರೆ ಸೀಟು ಕೆಳಗೆ ಹೋಗ್ತಿರಲಿಲ್ಲ. ಅಷ್ಟು ಭಾರ ಇರಲಿಲ್ಲ ಅವನು."

ಅವಳು ಬಾಗಿಲ ಕಡೆಗೊಮ್ಮೆ ನೋಡಿ, ಅವನ ಮಣಿಕಟ್ಟು ಹಿಡಿದು ಹತ್ತಿರಕ್ಕೆಳೆದುಕೊಂಡಳು.

"ಮೆಲ್ಲಗೆ ಮಾತಾಡೋ. ಹೊರಗೆ ಜಗಲೀಲಿ ಕೂತಿದಾನೆ ನಿಮ್ಮಪ್ಪ. ತಾನು ಅಷ್ಟು ಇಳಿದುಹೋಗಿದೀನಿ ಅಂತ ಗೊತ್ತಾದ್ರೆ ತಡ್ಕೊಳಲ್ಲ ಅವನು. ಅವನಿಗೆ ಮಾತ್ರ ಹೇಳಬೇಡ."

ಬಾಗಿಲಾಚೆ ಊಟದ ತಟ್ಟೆಗಳ ತಳ್ಳುಗಾಡಿ ಹೋಗುತ್ತಿತ್ತು.

"ಹೇಳಲ್ಲ ಬಿಡಮ್ಮ" ಅಂದ ಎಸ್ಟಿಲ್.